ಎಡಗಡೆ ಗುಂಡಿಯ ಶರ್ಟು

2022ರಲ್ಲಿ ನಾನು ತಮಿಳುನಾಡಿನ ಗಡಿಯೂರು ಹೊಸೂರಿನ ಮೂಕಂಡಪಲ್ಲಿ ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಸ್ಟರ್ ಆಗಿದ್ದೆ. ಬಟ್ಟೆ ಕತ್ತರಿಸುವ ಮುನ್ನ ಕಾಲರ್, ತೋಳು, ಎದೆ, ಬೆನ್ನು ಹೀಗೆ ಒಂದೊಂದು ಭಾಗವನ್ನೂ ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆದುಕೊಡುವುದು ಈ ಕೆಲಸ. ‘ಮಾಸ್ಟರ್’ ಎಂಬುದಕ್ಕೆ ಸ್ತ್ರೀಲಿಂಗ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಚನ್ನಪಟ್ಟಣದಿಂದ ಬಂದು ಇಪ್ಪತ್ತಾರು ವರ್ಷ ಅಲ್ಲೇ ದುಡಿದ ನನ್ನನ್ನು ‘ಮಾಸ್ಟ್ರಮ್ಮ’ ಎಂದು ಕರೆದು ಎಲ್ಲರೂ ಕೈ ತೊಳೆದುಕೊಂಡಿದ್ದರು.

ಆ ವರ್ಷ ಬೆಂಗಳೂರಿನ ಒಂದು ಹೊಸ ಕಂಪನಿಯಿಂದ ಯೂನಿಸೆಕ್ಸ್ ಶರ್ಟಿಗೆ ಆರ್ಡರ್ ಬಂತು. ಯೂನಿಸೆಕ್ಸ್ ಅಂದರೆ ಗಂಡು ಹೆಣ್ಣು ಇಬ್ಬರೂ ತೊಡುವಂಥದ್ದು. ಅವರ ಡಿಸೈನರ್ ಅನನ್ಯ, ನನ್ನ ಮಗಳಿಗಿಂತ ಚಿಕ್ಕ ಹುಡುಗಿ, ಟೆಕ್ ಪ್ಯಾಕ್ ತಂದಳು. ಬಟ್ಟೆ, ಅಳತೆ, ಹೊಲಿಗೆ ಎಲ್ಲದರ ವಿವರ ಇರುವ ಹಾಳೆಗಳವು. ಭುಜ ಹದಿನೇಳೂವರೆ ಇಂಚು, ಉದ್ದ ಇಪ್ಪತ್ತೊಂಬತ್ತು. ಎಲ್ಲವೂ ಇತ್ತು, ಗುಂಡಿ ಯಾವ ಕಡೆ ಎನ್ನುವುದೊಂದು ಇರಲಿಲ್ಲ.

ಬೇಕಾದರೆ ಈಗಲೇ ಎದ್ದು ನಿಮ್ಮ ಬೀರು ತೆಗೆದು ನೋಡಿ. ಗಂಡಸರ ಶರ್ಟಿನಲ್ಲಿ ಗುಂಡಿ ತೊಟ್ಟವರ ಬಲಗಡೆ ಇರುತ್ತದೆ, ಗುಂಡಿ ತೂರಿಸುವ ಕಾಜಾ ಎಡಗಡೆ. ಹೆಂಗಸರದು ಉಲ್ಟಾ. ಯಾಕೆ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ಕಥೆ ಹೇಳುತ್ತಾರೆ, ನನಗೆ ಒಂದರಲ್ಲೂ ನಂಬಿಕೆ ಬಂದಿಲ್ಲ.

“ಗುಂಡಿ ಯಾವ ಕಡೆಗಮ್ಮ?” ಎಂದು ಅನನ್ಯಳನ್ನು ಕೇಳಿದೆ.

“ಮಾಮೂಲಿ ಕಡೆಗೇ ಮೇಡಂ.”

“ಯಾರ ಮಾಮೂಲಿ?”

ಹುಡುಗಿ ಫೋನಿನಲ್ಲಿ ಬೇರೆ ಬೇರೆ ಕಂಪನಿಗಳ ಯೂನಿಸೆಕ್ಸ್ ಜಾಹೀರಾತು ತೋರಿಸಿದಳು. ಇಬ್ಬರೂ ಒಂದೊಂದಾಗಿ ನೋಡಿದೆವು. ಎಲ್ಲದರಲ್ಲೂ ತೆಳ್ಳಗಿನ ಹುಡುಗಿಯೊಬ್ಬಳು ಗಂಡಸಿನ ದೊಗಲೆ ಶರ್ಟಿನಲ್ಲಿ ನಿಂತಿದ್ದಾಳೆ. ಗಂಡಸು ಹೆಣ್ಣಿನ ಉಡುಪಿನ ಕಡೆಗೆ ಒಂದು ಹೆಜ್ಜೆ ಇಟ್ಟ ಚಿತ್ರ ಒಂದೂ ಇರಲಿಲ್ಲ, ನಗಿಸುವ ವಿಡಿಯೋಗಳನ್ನು ಬಿಟ್ಟರೆ. ಹುಡುಗಿಯರನ್ನು ತಮಗೆ ಬೇಕಾದ ಹಾಗೆ ನಿಲ್ಲಿಸುತ್ತಾರಲ್ಲ ಎಂದು ಆ ಜಾಹೀರಾತಿನವರನ್ನು ಬೈದೆ. ನನಗೆ ಕುತೂಹಲ ಹುಟ್ಟಿತು. ಎಡಗಡೆಗೇ ಗುಂಡಿ ಇಟ್ಟರೆ ಏನಾಗುತ್ತದೆ, ನೋಡೇ ಬಿಡೋಣ ಅನ್ನಿಸಿತು. ಅನನ್ಯಳ ಕಣ್ಣು ಅರಳಿತು, “ಇಡಿ ಮೇಡಂ” ಎಂದಳು.

ಸ್ಯಾಂಪಲ್ ತೊಡಿಸಿ ನೋಡಲು ನಮ್ಮಲ್ಲಿ ಎರಡು ಬೊಂಬೆಗಳಿದ್ದವು, ಒಂದು ಗಂಡಿನದು, ಒಂದು ಹೆಣ್ಣಿನದು. ಇಬ್ಬರದೂ ಆಗುವ ಬೊಂಬೆ ಎಲ್ಲಿಂದ ತರುವುದು? ಕೆಲಸಗಾರರಲ್ಲೇ ಭುಜದ ಅಳತೆ ಹೊಂದುವ ಇಬ್ಬರನ್ನು ಹುಡುಕಿದೆ. ಚೆಕಿಂಗ್ ವಿಭಾಗದ ನಾಗವೇಣಿ ಸಿಕ್ಕಳು, ಇಸ್ತ್ರಿ ವಿಭಾಗದ ಮುನಿರಾಜು ಸಿಕ್ಕ. ಬೇರಿಕೆ ಕಡೆಯ ರೈತರ ಮನೆಯವನು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಎಂಟು ವರ್ಷ ಐರನ್ ಹಿಡಿದವನು, ಮುಂದಿನ ತಿಂಗಳು ಅವನನ್ನೇ ಆ ವಿಭಾಗದ ಸೂಪರ್‌ವೈಸರ್ ಮಾಡುವುದೆಂದು ಮಾತಾಗಿತ್ತು. ಇಬ್ಬರನ್ನೂ ನೋಡಿದ ಅನನ್ಯ, ಜಾಹೀರಾತಿಗೂ ಇವರೇ ಸಾಕು, ಮಾಡೆಲ್‌ಗಳು ಬೇಡ ಎಂದಳು.

ಇಲ್ಲಿಂದ ನನ್ನ ತಪ್ಪು ಶುರು. ಗುಂಡಿಯ ವಿಷಯ ಮುನಿರಾಜುವಿಗೆ ನಾನು ಹೇಳಲಿಲ್ಲ. ಹೇಳಿದರೆ ಒಲ್ಲೆ ಅಂದುಬಿಟ್ಟರೆ? ಶರ್ಟಿಗೆ ನಾನೇ ಇಸ್ತ್ರಿ ಮಾಡಿ, ಮೇಲಿನ ಎರಡು ಬಿಟ್ಟು ಗುಂಡಿಯನ್ನೆಲ್ಲ ಹಾಕಿ, “ಬಿಚ್ಚಬೇಡಪ್ಪ, ಮಡಿಕೆ ಬೀಳುತ್ತೆ, ತಲೆ ಮೇಲಿಂದಲೇ ಹಾಕ್ಕೋ” ಎಂದೆ. ದೊಗಲೆ ಶರ್ಟು, ಸಲೀಸಾಗಿ ಇಳಿಯಿತು. ಜೀವನದಲ್ಲಿ ಮೊದಲ ಸಲ ಕ್ಯಾಮೆರಾ ಮುಂದೆ ನಿಂತವನು ಗುಂಡಿ ನೋಡಿಕೊಳ್ಳುತ್ತಾನೆಯೇ? ಕೂದಲು ಸರಿಮಾಡಿಕೊಂಡು, ಎದೆ ಸೆಟೆಸಿ ನಿಂತ.

ಎರಡು ವಾರಕ್ಕೆ ಜಾಹೀರಾತು ಎಲ್ಲರ ಫೋನಿಗೂ ಬಂತು. ಹೊರಗಿನ ಪ್ರಪಂಚದಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಆದರೆ ದಿನವಿಡೀ ಗುಂಡಿ, ಕಾಜಾ ನೋಡುವ ನಮ್ಮ ಕಾರ್ಖಾನೆಯವರ ಕಣ್ಣು ತಪ್ಪುತ್ತದೆಯೇ? ಊಟದ ಹೊತ್ತಿಗೆ ಮುನಿರಾಜುವಿಗೆ ಹೆಸರು ಬಿದ್ದಿತ್ತು, ‘ಪೊಂಬಳೆ ಸಟ್ಟೆ’. ತಮಿಳಿನಲ್ಲಿ ಹೆಂಗಸರ ಶರ್ಟು ಎಂದರ್ಥ. ಕನ್ನಡದವರೂ ತೆಲುಗಿನವರೂ ಭೇದವಿಲ್ಲದೆ ಅದನ್ನೇ ಕೂಗಿದರು. ಅದೇ ಶರ್ಟು ತೊಟ್ಟಿದ್ದ ನಾಗವೇಣಿಗೆ ಮಾತ್ರ “ಸೂಪರಾಗಿ ಕಾಣ್ತೀಯ ಕಣೆ” ಎಂಬ ಹೊಗಳಿಕೆ. ಮಾರನೆಯ ದಿನದಿಂದ ಮುನಿರಾಜು ಕೆಲಸಕ್ಕೆ ಬರಲಿಲ್ಲ.

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಗಿತ್ತು ನನ್ನ ಸ್ಥಿತಿ. ನನಗೆ ಬಿಟ್ಟುಕೊಂಡಿದ್ದರೆ ಬೇರೆ ಮಾತು, ಅವನ ಮೈಮೇಲೆ ಬಿಟ್ಟಿದ್ದೆ. ಮೂರು ದಿನ ಕಾದು, ಭಾನುವಾರ ಬಸ್ಸು ಹತ್ತಿ ಬೇರಿಕೆಗೆ ಹೋದೆ.

ಮುನಿರಾಜು ಜಗಲಿ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದನೇ ಹೊರತು ನಗಲಿಲ್ಲ. ಅಷ್ಟರಲ್ಲಿ ಗುಲಾಬಿ ತೋಟದಿಂದ ಅವನ ತಾಯಿ ಬಂದರು. ಸೀರೆಯ ಮೇಲೆ ಗಂಡಸಿನ ಫುಲ್ ತೋಳಿನ ಶರ್ಟು, ಗುಂಡಿ ಬಲಗಡೆ. ನನಗೆ ಕೇಳದೆ ಇರಲಾಗಲಿಲ್ಲ.

“ಯಾರ ಶರ್ಟಮ್ಮ ಇದು?”

“ನಮ್ ಯಜಮಾನ್ರದು. ಮುಳ್ಳು ತರಚಾಕ್ಬುಡ್ತದೆ, ಅದ್ಕೆ. ಇಲ್ಲಿ ಹೂ ಕೀಳೋ ಎಂಗಸ್ರೆಲ್ಲಾ ಇಂಗೇ ಹಾಕ್ಕಂತಾರೆ.”

ನಾನು ಆಸೆಯಿಂದ ಮುನಿರಾಜುವಿನ ಮುಖ ನೋಡಿದೆ. ಒಳ್ಳೆಯ ಉದಾಹರಣೆ ತಾನಾಗಿ ನಡೆದು ಬಂದಿದೆ ಎಂದು ನನ್ನ ಲೆಕ್ಕ. ಅವನು ಅದನ್ನು ಮುಂಚೆಯೇ ಯೋಚಿಸಿ ಮುಗಿಸಿದ್ದ.

“ಗೊತ್ತೈತೆ ಮಾಸ್ಟ್ರಮ್ಮ. ಅವ್ವ ಅಪ್ಪನ ಶರ್ಟು ಹಾಕ್ಕಂಡ್ರೆ ಯಾರೂ ನಗಲ್ಲ, ನಾನು ಎಂಗಸ್ರದು ಹಾಕ್ಕಂಡ್ರೆ ನಗ್ತಾರೆ. ನಾಳೆ ಸೂಪರ್‌ವೈಸರ್ ಆದ್ರೆ ಯಾವನು ನನ್ ಮಾತು ಕೇಳ್ತಾನೆ? ಅದೂ ಓಗ್ಲಿ. ನೀವು ಇಂಗಿಂಗೆ ಅಂತ ಯೋಳಿದ್ರೆ ನಾನು ಹಾಕ್ಕಂತಿದ್ನೋ ಏನೋ. ಯೋಳ್ದೆ ಹಾಕ್ಸುದ್ರಲ್ಲ, ಅದು ಉರೀತದೆ.”

ನನಗೆ ನಾಚಿಕೆಯಾಯಿತು. ಹುಡುಗಿಯರನ್ನು ಹೀಗೆ ನಿಲ್ಲಿಸುತ್ತಾರೆ, ಹಾಗೆ ನಿಲ್ಲಿಸುತ್ತಾರೆ ಎಂದು ಜಾಹೀರಾತಿನವರನ್ನು ಬೈದವಳು ನಾನು. ನಾನು ಮಾಡಿದ್ದೂ ಅದನ್ನೇ. ತಪ್ಪಾಯಿತಪ್ಪ ಎಂದೆ. ಅವನ ತಾಯಿ ಕಾಫಿ ಕೊಟ್ಟರು. ಬಾ ಎಂದು ನಾನು ಒತ್ತಾಯ ಮಾಡಲಿಲ್ಲ, ಬರುತ್ತೇನೆಂದು ಅವನೂ ಹೇಳಲಿಲ್ಲ.

ಸೋಮವಾರ ಟೀ ಬಿಡುವಿನಲ್ಲಿ ಇಸ್ತ್ರಿ ವಿಭಾಗಕ್ಕೆ ಹೋಗಿ, ಎಲ್ಲರ ಎದುರು ಜೋರಾಗಿ ಹೇಳಿದೆ: “ಎಡಗಡೆ ಗುಂಡಿ ಇಟ್ಟವಳು ನಾನು. ಮುನಿರಾಜುಗೆ ಗೊತ್ತಿರಲಿಲ್ಲ, ಮುಚ್ಚಿಟ್ಟಿದ್ದೆ. ನಗುವುದಿದ್ದರೆ ನನ್ನನ್ನು ನೋಡಿ ನಗಿ.” ಯಾರೂ ನಗಲಿಲ್ಲ. ಕೆಲವರು ಟೀ ಲೋಟದೊಳಗೆ ನೋಡಿದರು. ಮಾತು ಅವನಿಗೆ ಹೇಗೆ ಮುಟ್ಟಿತೋ, ಬುಧವಾರ ಕೆಲಸಕ್ಕೆ ಬಂದ. ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಗೇಲಿ ಪೂರ್ತಿ ನಿಂತಿತು ಎಂದರೆ ಸುಳ್ಳಾಗುತ್ತದೆ, ಕಡಿಮೆಯಾಯಿತು. ಸೂಪರ್‌ವೈಸರ್ ಕೆಲಸ ಮಾತ್ರ ಮಾತಾದಂತೆಯೇ ಅವನಿಗೆ ಸಿಕ್ಕಿತು.

ಮೂರು ತಿಂಗಳಿಗೆ ಎರಡನೇ ಆರ್ಡರ್ ಬಂತು. ಈ ಸಲ ನಾನು ಎರಡು ಸ್ಯಾಂಪಲ್ ಮಾಡಿಸಿ, ಒಂದರಲ್ಲಿ ಗುಂಡಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ಇಟ್ಟು, ಎರಡನ್ನೂ ಬಿಚ್ಚಿಯೇ ಮುನಿರಾಜುವಿನ ಮೇಜಿನ ಮೇಲೆ ಹರಡಿದೆ. “ಫೋಟೋಗೆ ನಿಲ್ತೀಯಾ? ನಿಲ್ಲೋದಾದ್ರೆ ಯಾವುದರಲ್ಲಿ? ಬೇಡ ಅಂದರೂ ನನಗೇನೂ ಬೇಸರವಿಲ್ಲ.”

ಅವನು ಕನ್ನಡಿ ಮುಂದೆ ಎರಡನ್ನೂ ತೊಟ್ಟು ನೋಡಿದ. ಎಡಗಡೆ ಗುಂಡಿಗೆ ಅವನ ಬೆರಳುಗಳು ತಡಕಾಡಿದವು, ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಗುಂಡಿ ಕೂತಿತು. ಅವನ ವಿಭಾಗದವರೆಲ್ಲ ಐರನ್ ಪಕ್ಕಕ್ಕಿಟ್ಟು ನೋಡುತ್ತಿದ್ದರು. ಕಾಲರಿನ ಅಂಚನ್ನು ಹೆಬ್ಬೆರಳಲ್ಲಿ ತೀಡಿ ಹೇಳಿದ:

“ಇದೇ ಇರ್ಲಿ ಮಾಸ್ಟ್ರಮ್ಮ. ಇದ್ರಲ್ಲಿ ಕಾಲರ್ ಚೆನ್ನಾಗಿ ಕುಂತೈತೆ.”

ಅದು ಎಡಗಡೆ ಗುಂಡಿಯದು. ಆ ಕಾಲರ್ ನಿಜವಾಗಿಯೂ ಚೆನ್ನಾಗಿ ಕೂತಿತ್ತು. ನಾನು ಗಮನಿಸಿರಲಿಲ್ಲ. ಅಷ್ಟು ದಿನವೂ ನನ್ನ ಕಣ್ಣು ಗುಂಡಿಯ ಮೇಲೇ ಇತ್ತು.

ಎರಡು ವರ್ಷವಾಯಿತು ನಾನು ನಿವೃತ್ತಳಾಗಿ. ಹೊಸದಾಗಿ ಕೆಲಸ ಕಲಿಯುವ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಅವರಿಗೆ ಹೇಳುವುದು ಇಷ್ಟೇ: ಯಾರ ಮೈಗಾದರೂ ಹೊಸ ಬಟ್ಟೆ ಹೊಲಿಯಿರಿ, ಹಳೆಯ ನಿಯಮ ಮುರಿಯಿರಿ, ಆದರೆ ತೊಡುವವರನ್ನು ಮೊದಲು ಕೇಳಿ.