ಹಗ್ಗದ ಮೇಲಿನ ಬಿಳಿ ಬಟ್ಟೆ

ಆ ಹೆರಿಗೆ ವಾರ್ಡಿನಲ್ಲಿ ಅವಳ ನಿಜವಾದ ಹೆಸರು ಇದ್ದದ್ದು ಎದೆಯ ಮೇಲಿನ ಬಿಲ್ಲೆಯಲ್ಲಿ ಮಾತ್ರ. ಬಾಣಂತಿಯರು, ಅವರ ಜೊತೆಗಿರುವವರು, ನೆಲ ಒರೆಸುವ ಆಯಮ್ಮ, ಎಲ್ಲರೂ ಬೆನ್ನ ಹಿಂದೆ ಕರೆಯುತ್ತಿದ್ದದ್ದು ‘ಹೊದಿಕೆ ಸಿಸ್ಟರ್’ ಎಂದು. ಹೆಸರು ಸುಮ್ಮನೆ ಬಂದದ್ದಲ್ಲ. ಮಂಚದ ಹತ್ತಿರ ಬಂದವಳ ಬಾಯಿ ಊಟ ಆಯ್ತಾ, ಮಗು ಹಾಲು ಕುಡೀತಾ ಎಂದು ವಿಚಾರಿಸುತ್ತಿರುವಾಗಲೇ ಕೈ ಹೊದಿಕೆಯನ್ನು ಮೇಲಕ್ಕೆತ್ತಿರುತ್ತಿತ್ತು. ಒಂದು ಕೈ ಬಾಣಂತಿಯ ಮಣಿಕಟ್ಟಿನ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ, ಕಣ್ಣು ಕೆಳಗೆ ಹಾಸಿದ ಬಟ್ಟೆಯ ಮೇಲೆ.

“ಸಿಸ್ಟರ್, ಚಳಿ ಆಗುತ್ತೆ” ಎಂದು ಯಾರಾದರೂ ಗೊಣಗಿದರೆ, “ಆಗ್ಲಿ ತಾಯಿ. ಚಳಿಗೆ ಇನ್ನೊಂದು ಹೊದಿಕೆ ಕೊಡ್ತೀನಿ. ಇದಕ್ಕೆ ಎಲ್ಲಿಂದ ತರ್ಲಿ?” ಎನ್ನುತ್ತಿದ್ದಳು.

‘ಇದು’ ಎಂದರೆ ರಕ್ತ. ಹೆರಿಗೆಯಾಗಿ ಮಾಸು ಕಳಚಿಕೊಂಡ ಮೇಲೆ ಗರ್ಭಕೋಶದ ಒಳಗೋಡೆಯಲ್ಲಿ ರಕ್ತನಾಳಗಳ ಬಾಯಿಗಳು ತೆರೆದೇ ಉಳಿಯುತ್ತವೆ. ಅವನ್ನು ಯಾರೂ ಹೊಲಿಯುವುದಿಲ್ಲ. ಗರ್ಭಕೋಶ ತಾನೇ ಮುಷ್ಟಿ ಬಿಗಿದ ಹಾಗೆ ಕುಗ್ಗಿ ಅವನ್ನು ಹಿಸುಕಿ ಮುಚ್ಚಬೇಕು. ಮುಷ್ಟಿ ಸಡಿಲವಾದರೆ ರಕ್ತ ಹರಿಯುತ್ತದೆ, ಸದ್ದಿಲ್ಲದೆ, ನೋವಿಲ್ಲದೆ, ಹೊದಿಕೆಯ ಕೆಳಗೆ. ಬಾಣಂತಿ ನಿದ್ದೆ ಬಂದ ಹಾಗಿದೆ ಎನ್ನುತ್ತಾಳೆ. ಪಾಪ, ದಣಿದಿದ್ದಾಳೆ, ಮಲಗಲಿ ಎಂದು ಮನೆಯವರು ಹೊದಿಕೆಯನ್ನು ಇನ್ನಷ್ಟು ಮೇಲಕ್ಕೆ ಎಳೆಯುತ್ತಾರೆ. ಅದಕ್ಕೇ ಅವಳು ಬಾಣಂತಿಯ ಬಾಯನ್ನು ನಂಬುತ್ತಿರಲಿಲ್ಲ, ಮನೆಯವರ ಬಾಯನ್ನಂತೂ ಮೊದಲೇ ಇಲ್ಲ. ನಂಬುತ್ತಿದ್ದದ್ದು ಬಟ್ಟೆಯನ್ನು ಮತ್ತು ತನ್ನ ಅಂಗೈಯನ್ನು.

ಇಷ್ಟು ವರ್ಷ ನಿಂತೇ ಮಾಡಿದ ಕೆಲಸ ಅವಳ ಕಾಲಿನಲ್ಲಿ ನೀಲಿ ನರಗಳಾಗಿ ಎದ್ದು ಕಾಣುತ್ತಿತ್ತು. ಶೌಚಕ್ಕೆ ಹೋಗಲು ಬಿಡುವು ಸಿಗುವುದಿಲ್ಲವೆಂದು ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಎಲ್ಲರಿಗೂ ನೀರು ಕುಡೀರಿ, ನೀರು ಕುಡೀರಿ ಎಂದು ಹೇಳುವವಳೂ ಅವಳೇ. ಡಬ್ಬಿಯ ಊಟ ಎಷ್ಟೋ ದಿನ ಹಾಗೆಯೇ ಮನೆಗೆ ಮರಳುತ್ತಿತ್ತು. ಅತ್ತೆ ಮುಚ್ಚಳ ತೆಗೆದು ನೋಡಿ, “ಈ ಡಬ್ಬಿ ದಿನಾ ಊರು ಸುತ್ತಿ ಬರುತ್ತೆ, ಪುಣ್ಯ ಮಾಡಿದೆ” ಎನ್ನುವರು. ನಂತರ ಅದನ್ನೇ ಬಿಸಿಮಾಡಿ ಸೊಸೆಯ ಮುಂದಿಟ್ಟು, ಅವಳು ತಿಂದು ಮುಗಿಸುವ ತನಕ ಎದುರಿಗೇ ಕೂರುವರು.

ಆ ದಿನ ಬೆಳಿಗ್ಗೆಯಿಂದಲೇ ಎಲ್ಲ ಎಡವಟ್ಟು. ಜೊತೆಯಲ್ಲಿರಬೇಕಾದ ನರ್ಸಿಗೆ ಜ್ವರ, ಬದಲಿಗೆ ಯಾರನ್ನೂ ಕಳಿಸಿರಲಿಲ್ಲ. ವಾರ್ಡೂ ಅವಳದೇ, ಹೆರಿಗೆ ಕೋಣೆಯೂ ಅವಳದೇ. ಸಾಲದ್ದಕ್ಕೆ ಮೇಲಿನವರು ಸಂಜೆ ತಪಾಸಣೆಗೆ ಬರುತ್ತಾರೆಂಬ ಸುದ್ದಿ. ಒಂದು ಮಂಚದ ಕೆಳಗೆ ರಕ್ತದ ಬಟ್ಟೆಗಳ ಗುಡ್ಡೆ ಕಂಡದ್ದೇ ತಡ, ಅವಳ ಸಹನೆ ತಪ್ಪಿತು.

“ಇದೇನು ವಾರ್ಡಾ, ಕಸದ ತೊಟ್ಟಿನಾ? ಇನ್ನೊಂದ್ಸಲ ಮಂಚದ ಕೆಳಗೆ ಕೊಳೆ ಬಟ್ಟೆ ಕಂಡ್ರೆ, ಬಟ್ಟೆ ಜೊತೆ ನಿಮ್ಮನ್ನೂ ಆಚೆ ಕಳಿಸ್ತೀನಿ, ನೋಡ್ತಾ ಇರಿ.”

“ನನ್ನನ್ನೂ ಕಳಿಸ್ಬಿಡಿ ಸಿಸ್ಟರ್, ಒಂದು ವಾರ ಮಲಗಿ ಬರ್ತೀನಿ” ಎಂದು ಆಯಮ್ಮ ಪೊರಕೆಯ ಮೇಲೆ ಒರಗಿ ಹೇಳಿದಳು. ವಾರ್ಡೆಲ್ಲ ನಕ್ಕಿತು. ನಗದೆ ಉಳಿದವಳು ಕಿಟಕಿ ಪಕ್ಕದ ಮೂಲೆ ಮಂಚದ ಬಳಿ ನಿಂತಿದ್ದ ಹೆಂಗಸು. ಅವಳ ಮಗಳು ಆಗಿನ್ನೂ ನೋವು ತಿನ್ನುತ್ತಿದ್ದಳು. ಚೊಚ್ಚಲು. ಆ ತಾಯಿ ಗದರಿಕೆಯನ್ನು ತನಗೇ ಹೇಳಿದ್ದೆಂಬಂತೆ ಕೇಳಿಸಿಕೊಂಡು, ಮಂಚದ ಕೆಳಗೆ ಬಗ್ಗಿ ನೋಡಿ, ಇಲ್ಲದ ಕಸವನ್ನು ಕೈಯಲ್ಲಿ ಗುಡಿಸಿದಳು.

ಮಧ್ಯಾಹ್ನಕ್ಕೆ ಮುಂಚೆ ಹೆರಿಗೆಯಾಯಿತು. ಮಗು ದೊಡ್ಡದು, ಹೆರಿಗೆ ದೀರ್ಘ. ಗರ್ಭಕೋಶ ದಣಿಯುವುದಕ್ಕೆ ಇವೆರಡೇ ಸಾಕು ಎಂಬುದು ಸಿಸ್ಟರಿಗೆ ಗೊತ್ತಿತ್ತು. ಇಂಜೆಕ್ಷನ್ ಕೊಟ್ಟಳು, ಮಾಸು ಪೂರ್ತಿ ಬಂದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು, ಹೊಟ್ಟೆಯ ಮೇಲೆ ಕೈಯಿಟ್ಟಳು. ಚೆಂಡಿನಷ್ಟು ಗಟ್ಟಿ. ಹುಡುಗಿಯನ್ನು ಮೂಲೆ ಮಂಚಕ್ಕೆ ಕಳಿಸಿ, ತಾಯಿಗೆ ಹೇಳಿದಳು: “ಬಟ್ಟೆ ನೆಂದ್ರೆ ಬದಲಾಯಿಸಿ. ಏನಾದ್ರೂ ಅನ್ನಿಸಿದ್ರೆ ನನ್ನನ್ನ ಕೂಗಿ.”

ಅಷ್ಟರಲ್ಲಿ ಇನ್ನೊಬ್ಬಳಿಗೆ ನೋವು ಜೋರಾಯಿತು. ಅವಳನ್ನು ಮಲಗಿಸಿ, ಎರಡು ನೋವುಗಳ ನಡುವಿನ ಬಿಡುವಿನಲ್ಲಿ ಸಿಸ್ಟರ್ ವಾರ್ಡಿಗೆ ಬಂದಳು. ಮೂಲೆ ಮಂಚದ ಹುಡುಗಿ ಕಣ್ಣು ಮುಚ್ಚಿದ್ದಳು.

“ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ ಸಿಸ್ಟರ್. ಮಲಗಿದ್ದಾಳೆ.”

ಸಿಸ್ಟರ್ ಹೊದಿಕೆ ಎತ್ತಿದಳು. ಕೆಳಗಿನ ಬಟ್ಟೆ ಬೆಳ್ಳಗೆ, ಈಗ ತಾನೇ ಮಡಿಕೆ ಬಿಚ್ಚಿದ ಹಾಗಿತ್ತು. ಹಾಸಿಗೆಯ ಮೇಲೆ ಸುಕ್ಕಿಲ್ಲ, ಮಂಚದ ಕೆಳಗೆ ಒಂದು ಚೂರಿಲ್ಲ.

“ನಿಮ್ಮ ಹಾಗೆ ಎಲ್ಲರೂ ಇದ್ದಿದ್ರೆ ನನಗೆ ಅರ್ಧ ಕೆಲಸ ಇರ್ತಿರ್ಲಿಲ್ಲ” ಎಂದಳು. ಆ ತಾಯಿಯ ಮುಖ ಅರಳಿತು. ಹೊಟ್ಟೆಯ ಮೇಲೆ ಇಡಬೇಕಿದ್ದ ಕೈ ಗಾಳಿಯಲ್ಲಿದ್ದಾಗಲೇ ಹೆರಿಗೆ ಕೋಣೆಯಿಂದ ಚೀರಾಟ ಕೇಳಿಸಿತು. ಸಿಸ್ಟರ್ ಹೊದಿಕೆ ಬಿಟ್ಟು ಅತ್ತ ಹೊರಟಳು.

ಆ ಹೆರಿಗೆ ಸಲೀಸಾಗಿ ಮುಗಿಯಿತು. ಕೈ ತೊಳೆದು, ಮೇಜಿನ ಬಳಿ ನಿಂತೇ ಡಬ್ಬಿಯ ಮುಚ್ಚಳ ತೆಗೆದಳು. ಮೊದಲ ತುತ್ತು ಬಾಯಿಗೆ ಹೋಗುವ ಮೊದಲೇ ಮನಸ್ಸಿನಲ್ಲಿ ಏನೋ ಚುಚ್ಚಿತು. ಆ ಬಟ್ಟೆ. ಹೆರಿಗೆಯಾದ ಮೈಯಿಂದ ಸ್ವಲ್ಪ ಹೋಗುತ್ತದೆ, ಹೆಚ್ಚು ಹೋಗುತ್ತದೆ. ಏನೂ ಹೋಗದೇ ಇರುವುದಿಲ್ಲ. ಅಷ್ಟು ಬೆಳ್ಳಗಿನ ಬಟ್ಟೆಯನ್ನು ಅವಳು ಈ ವಾರ್ಡಿನಲ್ಲಿ ಯಾವತ್ತೂ ನೋಡಿರಲಿಲ್ಲ. ನೋಡಿ ಸಂಶಯಪಡುವ ಬದಲು ಹೊಗಳಿ ಬಂದಿದ್ದಳು.

ಡಬ್ಬಿ ಮುಚ್ಚಲಿಲ್ಲ. ಓಡಲೂ ಇಲ್ಲ. ವಾರ್ಡಿನಲ್ಲಿ ನರ್ಸು ಓಡಿದರೆ ಇಡೀ ವಾರ್ಡಿನ ಎದೆ ಬಡಿದುಕೊಳ್ಳುತ್ತದೆ. ಆದರೆ ಅವಳ ನಡಿಗೆ ನೋಡಿದ ಆಯಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಹಿಂದೆಯೇ ಬಂದಳು.

ಹುಡುಗಿ ಆಕಳಿಸುತ್ತಿದ್ದಳು. ಒಂದರ ಹಿಂದೆ ಒಂದು, ಬಾಯಿ ತುಂಬ. ಅದು ನಿದ್ದೆಯ ಆಕಳಿಕೆಯಲ್ಲ, ಉಸಿರಿಗೆ ತಡಕಾಡುವ ಮೈಯ ಆಕಳಿಕೆ. “ನೀರು” ಎಂದಳು. ಹಣೆ ತಣ್ಣಗೆ, ಒದ್ದೆ. ಮಣಿಕಟ್ಟಿನಲ್ಲಿ ನಾಡಿ ಬೆರಳಿಗೆ ಸಿಕ್ಕಿಯೂ ಸಿಗದ ಹಾಗೆ ಓಡುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟಾಗ ಅಲ್ಲಿ ಚೆಂಡು ಇರಲಿಲ್ಲ. ಕಲಸಿಟ್ಟ ಹಿಟ್ಟಿನಂಥ ಮೆತ್ತಗಿನ ಏನೋ ಹೊಕ್ಕುಳ ದಾಟಿ ಮೇಲೇರಿ, ಒಂದು ಪಕ್ಕಕ್ಕೆ ವಾಲಿತ್ತು. ಕೆಳಗೆ ತುಂಬಿದ ಮೂತ್ರಕೋಶ ಅದನ್ನು ಕುಗ್ಗಲು ಬಿಡದೆ ಮೇಲಕ್ಕೆ ತಳ್ಳುತ್ತಿತ್ತು.

“ಡಾಕ್ಟರಮ್ಮನ್ನ ಕರ್ಕೊಂಡು ಬಾ. ಓಡು” ಎಂದಳು ಆಯಮ್ಮನಿಗೆ. ಅಲ್ಲಿಯವರೆಗೆ ಆ ಬಾಯಿಂದ ಓಡು ಎಂಬ ಮಾತನ್ನು ಆಯಮ್ಮ ಕೇಳಿರಲಿಲ್ಲ. ಅವಳು ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಸಿಸ್ಟರ್ ಹೊಟ್ಟೆಯನ್ನು ಗಟ್ಟಿಯಾಗಿ ತಿಕ್ಕತೊಡಗಿದಳು. ಗಡ್ಡೆಗಟ್ಟಿದ ರಕ್ತ ಒಮ್ಮೆಲೇ ಹೊರಬಿತ್ತು, ಹಿಂದೆಯೇ ಬಿಸಿಯಾದ ಹೊಸ ರಕ್ತ. ಬಿಳಿ ಬಟ್ಟೆ ಕಣ್ಣ ಮುಂದೆಯೇ ಬಣ್ಣ ಬದಲಾಯಿಸಿತು. ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಅಂಟಿದಳು. ಸಿಸ್ಟರ್ ನಳಿಕೆ ಹಾಕಿ ಮೂತ್ರ ಖಾಲಿ ಮಾಡಿದಳು, ಎರಡೂ ತೋಳಿಗೆ ಸೂಜಿ ಚುಚ್ಚಿ ಡ್ರಿಪ್ ಬಿಟ್ಟಳು, ಗರ್ಭಕೋಶ ಕುಗ್ಗಿಸುವ ಔಷಧಿಯನ್ನು ಅದರಲ್ಲಿ ಸೇರಿಸಿದಳು, ಮತ್ತೆ ಹೊಟ್ಟೆಗೆ ಕೈ ಹಾಕಿದಳು. ಕೈ ಒಂದೊಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಬಾಯಿ ಹುಡುಗಿಯ ಜೊತೆ ಮಾತನಾಡುತ್ತಲೇ ಇತ್ತು. “ಕಣ್ಣು ಬಿಡು ಮಗಳೇ. ನನ್ನ ಮುಖ ನೋಡು. ಚೆನ್ನಾಗಿಲ್ಲ, ಆದ್ರೂ ನೋಡು.”

ಡಾಕ್ಟರಮ್ಮ ಆಪರೇಷನ್ ಕೋಣೆಯಿಂದ ಟೋಪಿಯಲ್ಲೇ ಬಂದರು. ಒಂದು ನೋಟಕ್ಕೆ ಎಲ್ಲ ಅರ್ಥವಾಯಿತು. ಕೈಗವಸು ಏರಿಸುತ್ತಾ ಕೇಳಿದರು: “ಎಷ್ಟು ಹೋಗಿದೆ?”

ಆ ಪ್ರಶ್ನೆಯ ಮೇಲೆ ಎಲ್ಲವೂ ನಿಂತಿತ್ತು. ಹುಡುಗಿಯ ಗುಂಪಿನ ರಕ್ತ ಆಸ್ಪತ್ರೆಯಲ್ಲಿದ್ದದ್ದು ಒಂದೇ ಬಾಟಲಿ. ಹೆಚ್ಚು ಬೇಕೆಂದರೆ ಊರಿನ ಇನ್ನೊಂದು ತುದಿಯಿಂದ ತರಿಸಬೇಕು. ಈಗಲೇ ಹೇಳಿಕಳಿಸಿದರೆ ಹೊತ್ತಿಗೆ ಬರುತ್ತದೆ, ಕಾದು ನೋಡಿ ಹೇಳಿದರೆ ಬರುವುದಿಲ್ಲ. ಬಿಪಿ ನೋಡಿ ಅಂದಾಜು ಮಾಡೋಣವೆಂದರೆ ಅದು ಇನ್ನೂ ಅಷ್ಟೇನೂ ಇಳಿದಿರಲಿಲ್ಲ. ಚಿಕ್ಕ ವಯಸ್ಸಿನ ಮೈ ಕೊನೆಯ ತನಕ ಬಿಗಿ ಹಿಡಿದು ನಿಲ್ಲುತ್ತದೆ, ಬೀಳುವಾಗ ಒಮ್ಮೆಲೇ ಬೀಳುತ್ತದೆ. ಕಣ್ಣಿಗೆ ಕಂಡ ರಕ್ತ ಈಗ ಬಂದದ್ದು ಮಾತ್ರ. ಅದಕ್ಕೂ ಮುಂಚೆ ಎಷ್ಟು ಹೋಗಿತ್ತು?

“ಗೊತ್ತಿಲ್ಲ ಡಾಕ್ಟ್ರೇ. ನಾನು ನೋಡಿದಾಗ ಬಟ್ಟೆ ಬೆಳ್ಳಗಿತ್ತು” ಎಂದಳು ಸಿಸ್ಟರ್. ಕೈ ತೆಗೆಯದೆ ತಾಯಿಯ ಕಡೆ ತಿರುಗಿದಳು. “ಅಮ್ಮಾ, ಎಷ್ಟು ಬಟ್ಟೆ ಬದಲಾಯಿಸಿದ್ರಿ?”

“ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಒಂದೋ ಎರಡೋ. ಅಷ್ಟೇ ಸಿಸ್ಟರ್, ಅಷ್ಟೇ.”

“ಎಲ್ಲಿವೆ?”

ತಾಯಿ ಸೆರಗಿಗೆ ಕೈ ಒರೆಸಿಕೊಂಡಳು. ಅವಳ ಬೆರಳ ತುದಿಗಳು ನೀರಿನಲ್ಲಿ ನೆಂದು ಸುಕ್ಕುಗಟ್ಟಿದ್ದವು. ಸೀರೆಯ ಅಂಚು ಮೊಣಕಾಲಿನ ತನಕ ಒದ್ದೆ. ಸಿಸ್ಟರ್ ಅದನ್ನು ನೋಡಿ, ಕತ್ತು ಹೊರಳಿಸಿ ಕಿಟಕಿಯ ಆಚೆ ನೋಡಿದಳು.

ಹಿಂದಿನ ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗ. ಬೆಳಿಗ್ಗೆ ಅದು ಬರಿದಾಗಿತ್ತು. ಈಗ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಳೆಯ ಹತ್ತಿ ಬಟ್ಟೆಯ ತುಂಡುಗಳು, ಸಾಲಾಗಿ, ಅಂಚಿಗೆ ಅಂಚು ಹೊಂದಿಕೊಂಡು ನೇತಾಡುತ್ತಿದ್ದವು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಂದರ ಮೇಲೂ ಕಲೆಯಿಲ್ಲ.

ಸಿಸ್ಟರ್ ಕಿವಿಯಲ್ಲಿ ಬೆಳಗಿನ ತನ್ನದೇ ದನಿ ಮೊಳಗಿತು. ಬಟ್ಟೆ ಜೊತೆ ನಿಮ್ಮನ್ನೂ ಆಚೆ ಕಳಿಸ್ತೀನಿ.

“ಆ ಹಗ್ಗದ ಮೇಲಿರೋದೆಲ್ಲ ನಿಮ್ಮದೇನಾ?”

ತಾಯಿ ಕೈ ಮುಗಿದಳು. “ಆಚೆ ಕಳಿಸ್ಬೇಡಿ ಸಿಸ್ಟರ್. ನನ್ನ ಬಿಟ್ರೆ ಅವಳಿಗೆ ಯಾರೂ ಇಲ್ಲ.”

“ಯಾರೂ ಕಳಿಸಲ್ಲ. ಕೇಳಿ ಇಲ್ಲಿ. ಬೆಳಿಗ್ಗೆ ಬಾಯಿಗೆ ಬಂದ ಹಾಗೆ ಕೂಗಾಡಿದ್ದು ನಾನು. ತಪ್ಪು ನನ್ನದು. ನೀವು ನಾನು ಹೇಳಿದ ಹಾಗೇ ಮಾಡಿದ್ದೀರಿ. ಈಗ ಇನ್ನೊಂದೇ ಒಂದು ಮಾತು ನಿಜ ಹೇಳಿ, ನಿಮ್ಮ ಮಗಳಿಗೋಸ್ಕರ. ಅವು ಪೂರ್ತಿ ನೆಂದಿದ್ವಾ?”

“ಪೂರ್ತಿ” ಎಂದಳು ತಾಯಿ. ಒಮ್ಮೆ ಬಾಯಿ ಬಿಟ್ಟ ಮೇಲೆ ತಡೆಯಲಿಲ್ಲ. “ಹಿಂಡಿದ್ರೆ ಸುರೀತಿತ್ತು. ಬಕೆಟ್ ನೀರು ಮತ್ತೆ ಮತ್ತೆ ಚೆಲ್ಲಿದೆ. ನೆಲದ ಮೇಲೆ ಬಿದ್ದಿದ್ದನ್ನೂ ಒರೆಸಿದೆ. ಹೆರಿಗೆ ಅಂದ್ರೆ ಇಷ್ಟು ಹೋಗೋದೇ ಇರ್ಬೇಕು ಅಂದ್ಕೊಂಡೆ.”

ಡಾಕ್ಟರಮ್ಮ ಕಿಟಕಿಯತ್ತ ಒಮ್ಮೆ ಕಣ್ಣು ಹಾಯಿಸಿದರು. ಹಗ್ಗವೇ ಲೆಕ್ಕ ಹೇಳಿತು. “ಇರೋ ಬಾಟಲಿ ಈಗಲೇ ತನ್ನಿ. ಉಳಿದಿದ್ದಕ್ಕೆ ಫೋನ್ ಮಾಡಿ, ವಾಹನ ಕಳಿಸೋಕೆ ಹೇಳಿ. ಕಾಯೋದು ಬೇಡ.” ಆಯಮ್ಮ ಎರಡನೇ ಸಲ ಓಡಿದಳು.

ಡಾಕ್ಟರಮ್ಮ ಒಳಗಿನಿಂದ ಮುಷ್ಟಿಯೊತ್ತಿ, ಸಿಸ್ಟರ್ ಮೇಲಿನಿಂದ ಅಂಗೈಯೊತ್ತಿ, ನಡುವೆ ಗರ್ಭಕೋಶವನ್ನು ಹಿಡಿದರು. ಅದು ತಾನಾಗಿ ಮಾಡದ ಕೆಲಸವನ್ನು ನಾಲ್ಕು ಕೈ ಸೇರಿ ಮಾಡಬೇಕು. ಹುಡುಗಿ ನರಳಿದಳು. ಸಿಸ್ಟರ್ ತೋಳು ನೋಯತೊಡಗಿತು, ಆಮೇಲೆ ಜೋಮು ಹಿಡಿಯಿತು. ಬದಲಿಗೆ ಕೈ ಕೊಡಲು ಯಾರೂ ಇರಲಿಲ್ಲ. ಹಿಟ್ಟು ಒಮ್ಮೆ ಬಿಗಿಯಾಯಿತು. ಮತ್ತೆ ಸಡಿಲವಾಯಿತು.

“ಎರಡನೇ ಔಷಧಿ” ಎಂದರು ಡಾಕ್ಟರಮ್ಮ. ಸಿಸ್ಟರ್ ಒಂದು ಕೈಯಲ್ಲಿ ಒತ್ತಿಕೊಂಡೇ ಇನ್ನೊಂದರಲ್ಲಿ ತೊಡೆಗೆ ಚುಚ್ಚಿದಳು. ರಕ್ತದ ಬಾಟಲಿ ಬಂದು ನೇತಾಡಿತು. “ಮಗುನ ಕೊಡಿ. ಎದೆಗೆ ಹಾಕಿ, ಅದೂ ಸ್ವಲ್ಪ ಕೆಲಸ ಮಾಡ್ಲಿ” ಎಂದು ಸಿಸ್ಟರ್ ತಾಯಿಗೆ ಹೇಳಿದಳು. ಮಗು ಹಾಲೆಳೆದರೆ ಗರ್ಭಕೋಶ ಕುಗ್ಗುತ್ತದೆ; ಬೇರೆ ಔಷಧಿಗಳ ಜೊತೆ ಅದೂ ಒಂದು. ತಾಯಿ ಮಗುವನ್ನು ಮಗಳ ಎದೆಗೆ ಹಿಡಿದುಕೊಟ್ಟಳು. ಮೊದಲಿಗೆ ಅದಕ್ಕೆ ಮೊಲೆ ಸಿಗಲಿಲ್ಲ, ಸಿಟ್ಟಿನಿಂದ ಅತ್ತಿತು, ಆಮೇಲೆ ಕಚ್ಚಿ ಹಿಡಿಯಿತು.

ಅಂಗೈಯ ಕೆಳಗೆ ಏನೋ ಮೆಲ್ಲಗೆ ಸುತ್ತಿಕೊಂಡ ಹಾಗಾಯಿತು. ಸಿಸ್ಟರ್ ಕೈ ಕದಲಿಸಲಿಲ್ಲ. ಕದಲಿಸಿದರೆ ಮತ್ತೆ ಸಡಿಲವಾಗುತ್ತದೇನೋ ಎಂಬಂತೆ. ಅದು ಬಿಗಿಯಿತು, ಇನ್ನೂ ಬಿಗಿಯಿತು, ಹಾಗೇ ನಿಂತಿತು. ಡಾಕ್ಟರಮ್ಮ ನಿಧಾನಕ್ಕೆ ಕೈ ಹೊರತೆಗೆದು ಕಾದರು. ಕೆಳಗಿನ ಹೊಸ ಬಟ್ಟೆಯ ಮೇಲೆ ಸಣ್ಣದೊಂದು ಕಲೆ ಮೂಡಿ, ಹರಡದೆ ಉಳಿಯಿತು.

“ಚೆಂಡು” ಎಂದಳು ಸಿಸ್ಟರ್.

ಉಳಿದ ರಕ್ತವೂ ಹೊತ್ತಿಗೆ ಬಂತು, ಎಲ್ಲವೂ ಬೇಕಾಯಿತು. ಸಂಜೆಯ ಹೊತ್ತಿಗೆ ಹುಡುಗಿಯ ತುಟಿಗೆ ಬಣ್ಣ ಮರಳಿತ್ತು. ಅವಳು ಕೇಳಿದ ಮೊದಲ ಪ್ರಶ್ನೆ, “ಇಷ್ಟು ಹೊತ್ತು ನನ್ನ ಹೊಟ್ಟೆ ಹಿಸುಕಿದ್ದು ಯಾರು?”

“ನಾನೇ. ಇನ್ನೂ ಹಿಸುಕ್ತೀನಿ” ಎಂದಳು ಸಿಸ್ಟರ್.

ಆಮೇಲೆ ಅವಳು ಮುಚ್ಚಳವಿರುವ ಒಂದು ಬಕೆಟ್ ತಂದು ಮಂಚದ ಕೆಳಗಿಟ್ಟು ತಾಯಿಗೆ ಹೇಳಿದಳು: “ಇನ್ಮೇಲೆ ಒಂದು ಚೂರೂ ತೊಳೆಯೋ ಹಾಗಿಲ್ಲ. ಬದಲಾಯಿಸಿದ್ದನ್ನೆಲ್ಲ ಇದರಲ್ಲಿ ಹಾಕಿ. ನಾನು ನೋಡಿದ ಮೇಲೇ ಚೆಲ್ಲೋದು.” ಎಲ್ಲ ಮಂಚಗಳ ಕೆಳಗೂ ಒಂದೊಂದು ಇಡುವಷ್ಟು ಬಕೆಟ್ ಇರಲಿಲ್ಲ. ಇದ್ದಷ್ಟನ್ನು ಇಟ್ಟಳು, ಉಳಿದವರ ಬಳಿ ಹೋಗಿ ಬೆಳಗಿನ ಮಾತನ್ನು ಒಬ್ಬೊಬ್ಬರಿಗೇ ವಾಪಸು ತೆಗೆದುಕೊಂಡಳು.

ತಪಾಸಣೆಯವರು ಬಂದಾಗ ಅವರಲ್ಲೊಬ್ಬರು ಮೂಲೆ ಮಂಚದ ಮುಂದೆ ನಿಂತು ಮೂಗು ಮುಚ್ಚಿಕೊಂಡರು. “ಇದೇನು ಇಲ್ಲಿ?”

ಸಿಸ್ಟರ್ ಬಾಯಿ ತೆರೆಯುವ ಮೊದಲೇ ತಾಯಿ ಎದ್ದು, ಬಕೆಟ್ಟನ್ನು ಹೊರಗೆಳೆದು ಮುಚ್ಚಳ ತೆಗೆದಳು. “ನೋಡಿ ಸಾರ್. ಹತ್ತಿರ ಬಂದು ನೋಡಿ. ಈಗ ಕಮ್ಮಿ ಆಗಿದೆ.”

ಅವರು ಹತ್ತಿರ ಬರಲಿಲ್ಲ. ಆಯಮ್ಮ ಗೋಡೆಯ ಕಡೆ ತಿರುಗಿ ನಗು ನುಂಗಿದಳು. “ಅದು ಅಲ್ಲೇ ಇರ್ಬೇಕು ಸಾರ್. ಬಾಣಂತಿಯ ರಕ್ತ ನಾನು ಕಣ್ಣಾರೆ ನೋಡ್ಬೇಕು” ಎಂದಳು ಸಿಸ್ಟರ್. ಅವರು ಏನೋ ಗೊಣಗಿ ಮುಂದಿನ ಮಂಚಕ್ಕೆ ಹೋದರು.

ಮನೆಗೆ ಹೊರಡುವ ಮುನ್ನ ಅವಳು ಕೊನೆಯ ಸಲ ಮೂಲೆ ಮಂಚಕ್ಕೆ ಬಂದಳು. ಈ ಸಲ ಹೊದಿಕೆ ಎತ್ತಿದವಳು ತಾಯಿ. ಬಟ್ಟೆಯ ಮೇಲಿನ ಕಲೆಯನ್ನು ಬೆರಳಿಂದ ತೋರಿಸುತ್ತಾ, “ಇಷ್ಟೇ ಸಿಸ್ಟರ್. ಇದು ನಿಜವಾಗ್ಲೂ ಇಷ್ಟೇ” ಎಂದಳು.

ಸಿಸ್ಟರ್ ನೋಡಿದಳು, ತಲೆಯಾಡಿಸಿದಳು. ಆದರೂ ಬಗ್ಗಿ, ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು, ಅಂಗೈಗೆ ಆ ಗಟ್ಟಿ ಚೆಂಡು ಸಿಗುವ ತನಕ ತೆಗೆಯಲಿಲ್ಲ.