ಸೋಸಿದ ಪೆಟ್ರೋಲು

ಆಗ ನಮ್ಮ ಚಿಕ್ಕೋಡಿ ಕಡೆಯ ಹಳ್ಳಿಗಳಲ್ಲಿ ಮೋಟರ್ ಸೈಕಲ್ಲಿಗೆ ಫಟಫಟಿ ಎನ್ನುತ್ತಿದ್ದರು. ಹೆಸರಿಗೆ ತಕ್ಕಂತೆ ಅದು ಊರ ಹೊರಗಿನ ಹಳ್ಳ ದಾಟುವಾಗಲೇ ಮನೆಮನೆಗೂ ಕೇಳಿಸಬೇಕು, ಹಿಂದೆ ನೀಲಿ ಹೊಗೆ ಬಿಡಬೇಕು. ಎಂಬತ್ತರ ದಶಕ ಮುಗಿಯುತ್ತ ಬಂದಾಗ, ದೀಪಾವಳಿ ಪಾಡ್ಯದ ದಿನ ಅಪ್ಪ ತಂದು ನಿಲ್ಲಿಸಿದ ಕೆಂಪು ಗಾಡಿ ಇವೆರಡನ್ನೂ ಮಾಡಲಿಲ್ಲ. ನೋಡಲು ಬಂದವರಿಗೆಲ್ಲ ನಿರಾಸೆ.

"ಹೊಗಿ ಇಲ್ಲ, ಸಪ್ಪಳ ಇಲ್ಲ. ಇದು ಪೆಟ್ರೋಲ್ ಕುಡಿತೈತೋ, ಹಾಲ ಕುಡಿತೈತೋ?" ಎಂದು ಪಕ್ಕದ ಮನೆಯ ಮಾಮಾ ಸೈಲೆನ್ಸರಿನ ಬಾಯಿಗೆ ಕೈ ಒಡ್ಡಿ ನೋಡಿದರು.

ಗಾಡಿ ಬಂದದ್ದು ಠೀವಿಗಲ್ಲ, ಊಟಕ್ಕೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಅಪ್ಪನಿಗೆ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ತೂಕ ನೋಡುವ ಕೆಲಸ. ಸಂಜೆಯ ಬಸ್ಸು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಚಳಿಗಾಲದಲ್ಲಂತೂ ಅಪ್ಪ ಕತ್ತಲಾದ ಮೇಲೆ ಬಂದು, ಕೈಕಾಲು ತೊಳೆದು, ಬರಿಹೊಟ್ಟೆಯಲ್ಲೇ ಮಲಗಿಬಿಡುತ್ತಿದ್ದ. ಅವನು ಉಣ್ಣದಿದ್ದರೆ ಅವನ ತಾಯಿ, ನಮ್ಮ ಆಯಿ, ಉಣ್ಣುತ್ತಿರಲಿಲ್ಲ. "ಅಂವಾ ಹಸದು ದಾರ್ಯಾಗ ಇದ್ದಾಗ ನನಗ ತುತ್ತ ಇಳಿತೈತೇನ?" ಎನ್ನುತ್ತಿದ್ದಳು. ತನ್ನ ಹಸಿವನ್ನು ಹೇಗೋ ತಡೆಯುತ್ತಿದ್ದ ಅಪ್ಪನಿಗೆ ಮುದುಕಿಯ ಹಸಿವು ತಡೆಯಲಾಗಲಿಲ್ಲ. ಇದ್ದುದರಲ್ಲಿ ಅಗ್ಗದ ಗಾಡಿ, ಕಡಿಮೆ ಕುಡಿಯುವ ಗಾಡಿ ಯಾವುದೆಂದು ಊರೆಲ್ಲ ವಿಚಾರಿಸಿ ಇದನ್ನು ತಂದಿದ್ದ.

ನನಗಂತೂ ಅದನ್ನು ನೋಡಿದಷ್ಟೂ ಸಾಲದು. ಶಾಲೆಯಿಂದ ಬಂದವಳೇ ಅದರ ಸುತ್ತ ಸುತ್ತುತ್ತಿದ್ದೆ. ಪೆಟ್ರೋಲ್ ಟಾಕಿಯ ಕೆಳಗಿನ ಪುಟ್ಟ ನಲ್ಲಿ ಯಾಕೆ? ಪೆಟ್ರೋಲು ತೀರಿ ಗಾಡಿ ನಿಂತಾಗ ಅದನ್ನು ತಿರುವಿದರೆ ಇನ್ನೊಂದಿಷ್ಟು ಎಲ್ಲಿಂದ ಬರುತ್ತದೆ? ಉಳಿದವರ ಫಟಫಟಿಗಳಿಗೆ ಪೆಟ್ರೋಲಿನ ಜೊತೆ ಎಣ್ಣೆ ಕಲಸಬೇಕು, ಇದಕ್ಕೆ ಯಾಕೆ ಬೇಡ?

"ಅಪ್ಪಾ, ಎಣ್ಣಿ ಇಲ್ಲದ ಹೆಂಗ ಓಡತೈತಿ?"

"ಎಣ್ಣಿ ಐತೆವಾ, ಬ್ಯಾರೆ ಇರತೈತಿ, ಅದರ ಹೊಟ್ಟ್ಯಾಗ. ಪೆಟ್ರೋಲ್ ಜೋಡಿ ಸುಡೂದಿಲ್ಲ. ಅದಕ್ಕ ಹೊಗಿ ಇಲ್ಲ."

"ಮತ್ತ ಸಪ್ಪಳ?"

"ಸಪ್ಪಳ ನಿಂದ ಒಂದ ಸಾಕಲ್ಲ ಮನ್ಯಾಗ!"

ಆಯಿಯ ಪ್ರಶ್ನೆ ಒಂದೇ ಆಗಿತ್ತು. "ಇದು ಕುಡಿಯೂದನ್ನ ಸೋಸ್ತಾರೇನ?" ನಮ್ಮಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ, ಕಣ್ಣಿಗೆ ಕಾಣದ ಜೀವಗಳು ಹೊಟ್ಟೆಗೆ ಹೋಗಬಾರದೆಂದು. ಮನೆಗೆ ಬಂದ ಗಾಡಿಗೆ ಬೇರೆ ನೇಮವೇ? ಪೆಟ್ರೋಲಿನಲ್ಲಿ ಯಾವ ಜೀವವೂ ಬದುಕುವುದಿಲ್ಲ ಎಂದು ಅಪ್ಪ ಹೇಳಿದ. "ನೀ ಒಳಗ ಇಳದು ನೋಡೀಯೇನ?" ಎಂದಳು ಆಯಿ. ಅಲ್ಲಿಗೆ ಮಾತು ಮುಗಿಯಿತು. ಅಂದಿನಿಂದ ಅಪ್ಪ ಪೆಟ್ರೋಲನ್ನು ಡಬ್ಬಿಯಲ್ಲಿ ಮನೆಗೇ ತರುತ್ತಿದ್ದ. ರವಿವಾರ ಬೆಳಿಗ್ಗೆ ಆಯಿ ತನ್ನ ಹಳೆಯ ಸೀರೆಯ ತುಂಡನ್ನು ಟಾಕಿಯ ಬಾಯಿಗೆ ಹಾಸಿ ಹಿಡಿಯುವಳು, ಅಪ್ಪ ಸಣ್ಣಗೆ ಧಾರೆ ಬಿಡುವನು, ನಾನು ಬಗ್ಗಿ ಆ ವಾಸನೆಯನ್ನು ಮೂಗಿನ ತುಂಬ ಎಳೆದುಕೊಳ್ಳುವೆನು. ಬಟ್ಟೆಯ ಮೇಲೆ ಒಂದು ಹುಳವಾದರೂ ಸಿಕ್ಕೀತೇ ಎಂದು ನಾನೂ ಆಯಿಯಷ್ಟೇ ಹುಡುಕುತ್ತಿದ್ದೆ.

ಗಾಡಿಗೆ ಸಪ್ಪಳವಿಲ್ಲದ್ದರಿಂದ ಸಂಜೆ ನನಗೊಂದು ಕೆಲಸ ಹತ್ತಿತು. ಕಟ್ಟೆಯ ಮೇಲೆ ನಿಂತು ರಸ್ತೆ ಕಾಯಬೇಕು. ತಂಬಾಕಿನ ಹೊಲಗಳ ಆಚೆ ಕೆಂಪು ಚುಕ್ಕೆ ಕಂಡೊಡನೆ "ಬಂದ್ರೂ!" ಎಂದು ಕೂಗಬೇಕು. ಒಳಗೆ ಅವ್ವ ಹಂಚಿನ ಮೇಲೆ ರೊಟ್ಟಿ ಹಾಕುವಳು. ಬಿಸಿರೊಟ್ಟಿ, ಝುಣಕ, ಶೇಂಗಾ ಚಟ್ನಿ. ಆಯಿ ಮತ್ತು ಅಪ್ಪ ಎದುರುಬದುರು ಕೂತು ಉಣ್ಣುವುದನ್ನು ನೋಡುವಾಗ, ಆ ಗಾಡಿಯನ್ನು ನಾನೇ ಓಡಿಸಿಕೊಂಡು ಬಂದಷ್ಟು ಖುಷಿಯಾಗುತ್ತಿತ್ತು.

ಒಂದು ಸಂಜೆ ಕೆಂಪು ಚುಕ್ಕೆ ಕಾಣಲೇ ಇಲ್ಲ. ಸೂರ್ಯ ಹೊಲದ ಬದುವಿಗೆ ತಾಗಿದ. ಅರ್ಧವಾದ. ಆಯಿ ಹೊಸ್ತಿಲಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಮುಳುಗಿದ ಮೇಲೆ ಅವಳೇ ಎದ್ದು ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿದಳು. ಎಷ್ಟೋ ಹೊತ್ತಿನ ನಂತರ ಅಪ್ಪ ಗಾಡಿಯನ್ನು ನೂಕಿಕೊಂಡು ಬಂದ. ಆ ಚಳಿಯಲ್ಲೂ ಅಂಗಿ ಬೆವರಿಗೆ ಅಂಟಿತ್ತು. "ನಡುದಾರ್ಯಾಗ ಕೈ ಕೊಟ್ತು" ಎಂದನಷ್ಟೆ. ಇಬ್ಬರೂ ಹಸಿದೇ ಮಲಗಿದರು. ನನಗೆ ಎಂಥ ಸಿಟ್ಟು ಬಂತೆಂದರೆ ಗಾಡಿಯ ಟಯರಿಗೆ ಒಂದು ಒದೆ ಕೊಟ್ಟೆ.

ಮರುದಿನ ಚಿಕ್ಕೋಡಿಯಿಂದ ಗಾಡಿ ರಿಪೇರಿ ಮಾಡುವ ದಸ್ತಗೀರ ಮೇಸ್ತ್ರಿ ಬಂದ. ಆ ಪುಟ್ಟ ನಲ್ಲಿಯ ಕೆಳಗಿನ, ಕಸ ನಿಲ್ಲುವ ಬಟ್ಟಲನ್ನು ಬಿಚ್ಚಿ ಅಂಗೈಗೆ ಬಡಿದ. ಒದ್ದೆ ನೂಲಿನ ಚೂರುಗಳು ಮುದ್ದೆಯಾಗಿ ಬಿದ್ದವು. ಎಲ್ಲ ಆಯಿಯ ಸೀರೆಯ ಬಣ್ಣದವು.

"ಏನ್ರಿ ಇದು, ಟಾಕಿಯೊಳಗ ಹತ್ತಿ ಬೆಳದೀರೇನ್ರಿ?" ಎಂದು ಅವನು ನಗತೊಡಗಿದ. ಅಪ್ಪ ಥಟ್ಟನೆ ಅವನ ಅಂಗೈ ಮುಚ್ಚಿದ. ನನ್ನತ್ತ ನೋಡಿ, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದ.

ಹೊಸ್ತಿಲಿಂದ ಆಯಿ ಕೇಳಿದಳು. "ಏನ ಸಿಕ್ತೋ?"

"ಏನಿಲ್ಲ ಯವ್ವಾ. ಪಂಪಿನಾಗಿನ ಕಸ."

"ಹೌದಾ," ಎಂದು ಅವಳು ಒಳಗೆ ಹೋದಳು.

ರವಿವಾರ ಬಂತು. ಅಪ್ಪ ಡಬ್ಬಿ ಹಿಡಿದು ನಿಂತಿದ್ದ, ಬೇಡವೆನ್ನಲು ಬಾಯಿ ಬರುತ್ತಿರಲಿಲ್ಲ. ಆಯಿ ಬಟ್ಟೆ ತಂದಳು. ಹಳೆಯ ಸೀರೆಯ ತುಂಡಲ್ಲ. ಒತ್ತಾಗಿ ನೇಯ್ದ ಹೊಸ ಬಟ್ಟೆ. ಒಂದು ಎಳೆಯೂ ಬಿಡದಂತೆ ನಾಲ್ಕೂ ಅಂಚು ಮಡಿಸಿ, ಹತ್ತಿರಹತ್ತಿರ ಹೊಲಿಗೆ ಹಾಕಿದ್ದಳು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದವಳು ಈ ಸಲ ಕರೆದಿರಲಿಲ್ಲ.

ಅಪ್ಪ ಆ ಹೊಲಿಗೆಯ ಮೇಲೆ ಬೆರಳಾಡಿಸಿದ.

"ಅದು ಭಾಳ ಹಳೇದಾಗಿತ್ತಪಾ," ಎಂದಳು ಆಯಿ, ಅವನ ಮುಖ ನೋಡದೆ.

"ಹೌದ ಯವ್ವಾ. ಹಳೇದಾಗಿತ್ತ," ಎಂದು ಅಪ್ಪ ಧಾರೆ ಬಿಟ್ಟ.

ಆ ಚಳಿಗಾಲ ಗಾಡಿ ಮತ್ತೆ ನಿಲ್ಲಲಿಲ್ಲ.

ಈಗ ಆಯಿ ಇಲ್ಲ, ಆ ಕೆಂಪು ಗಾಡಿಯೂ ಇಲ್ಲ. ನಾನು ನಿಪ್ಪಾಣಿಯಲ್ಲಿದ್ದೇನೆ. ನನ್ನ ಗಾಡಿ ಗುಂಡಿ ಒತ್ತಿದರೆ ಚಾಲೂ ಆಗುತ್ತದೆ, ನಲ್ಲಿ ತಿರುವಬೇಕಿಲ್ಲ, ಏನನ್ನೂ ಸೋಸಬೇಕಿಲ್ಲ. ಹೊತ್ತು ಮುಳುಗಿ ಎಷ್ಟೋ ಹೊತ್ತಾದ ಮೇಲೆ ಮನೆ ಸೇರುತ್ತೇನೆ, ಮುಚ್ಚಿಟ್ಟದ್ದನ್ನು ಬಿಸಿ ಮಾಡಿಕೊಂಡು ಉಣ್ಣುತ್ತೇನೆ. ಅಷ್ಟು ಹೊತ್ತಿಗೆ ಎಲ್ಲರದೂ ಊಟವಾಗಿರುತ್ತದೆ. ಅದೇ ಸರಿ, ನನಗಾಗಿ ಯಾರೂ ಹಸಿದಿರಬಾರದು. ಆದರೂ ಗಾಡಿ ನಿಲ್ಲಿಸುವಾಗ ಒಮ್ಮೆ ಹೊಸ್ತಿಲ ಕಡೆ ನೋಡುತ್ತೇನೆ.