ಆಯಿಯ ಕಡೆಯ ಮಾತು

ಸುಮಾರು ವರ್ಷ ರೇಡಿಯೋದಲ್ಲಿ ಜನರನ್ನು ನಗಿಸಿದವನು ನಾನು. ವಾರಕ್ಕೊಮ್ಮೆ ಕಾಲು ಗಂಟೆ, ಎಲ್ಲದಕ್ಕೂ ಗೊಣಗುವ ಒಬ್ಬ ಮುದುಕನ ಪಾರ್ಟು. ಕಾರ್ಯಕ್ರಮ ನಿಂತರೂ ಅದರ ತುಣುಕುಗಳು ಮೊಬೈಲಿಂದ ಮೊಬೈಲಿಗೆ ಓಡಾಡುತ್ತಲೇ ಇವೆ. ನನ್ನ ಮುಖ ಯಾರಿಗೂ ಗೊತ್ತಿಲ್ಲ, ಬಾಯಿ ಬಿಟ್ಟರೆ ಮುಗಿಯಿತು. ಹೊನ್ನಾವರದಲ್ಲಿ ಬಂಗಡೆ ರೇಟು ಕೇಳಿದರೆ ಮೀನು ಮಾರುವವಳು ನಗುತ್ತಾಳೆ. ಭಟ್ಕಳದಲ್ಲಿ ಹಲ್ಲುನೋವೆಂದು ಹೋದರೆ ಡಾಕ್ಟರೂ ನಕ್ಕರು. ಸಾಕಾಗಿ ಹೋಗಿದೆ, ಖರೆ ಹೇಳುತ್ತೇನೆ.

ಈ ವರ್ಷ ಕುಮಟೆಯ ಮನೆಯಲ್ಲಿ ನನ್ನ ಹೆತ್ತ ಆಯಿ ತೀರಿಕೊಂಡಳು. ನಮ್ಮ ಕಡೆ ಸಾವಿನ ಮನೆಗೆ ಬಂದವರು ಜಗಲಿಯಲ್ಲಿ ಕೂತು ಮೊದಲು ಕೇಳುವುದೇ "ಎಂತ ಆಗಿತ್ತು?" ಎಂದು. ಬಂದ ಪ್ರತಿಯೊಬ್ಬರಿಗೂ ಮನೆಯವರು ಮೊದಲಿಂದ ಹೇಳಬೇಕು. ಹಿರಿಮಗನಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಇದೊಂದನ್ನಾದರೂ ಯಾರೂ ನಗದ ಹಾಗೆ ಹೇಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಬೆಳಕೆಯಿಂದ ಬಂದ ನೆಂಟರೊಬ್ಬರು ಮೊದಲ ದಿನವೇ ಕೆಡಿಸಿದರು. ಆಯಿ ಗಂಜಿ ಬೇಡ ಅಂದಳು ಎಂದೆ, ಅಷ್ಟೇ. ಅವರು ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡರು, ಭುಜ ಕುಣಿಯುತ್ತಿತ್ತು. ನನಗೆ ಕೆಟ್ಟ ಸಿಟ್ಟು ಬಂತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಮುಂದಿನವರಿಗೆ ಹೇಳುವಾಗ ಗಂಜಿಯ ಹತ್ತಿರ ನಾನೇ ಒಂದು ಗಳಿಗೆ ತಡೆದೆ. ಅವರೂ ನಕ್ಕರು. ಹೇಳಿ ಹೇಳಿ ಕತೆ ನಯವಾಯಿತು. ಕೊನೆಗೆ ಆಯಿ ಕಣ್ಣು ಬಿಟ್ಟು, "ಸಾಕು ಮಾರಾಯ, ಆ ರೇಡಿಯೋ ಬಂದ್ ಮಾಡು" ಅಂದು ಪ್ರಾಣ ಬಿಟ್ಟಳು ಎಂಬಲ್ಲಿಗೆ ಬಂದು ನಿಂತಿತು. ಜನ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅವಳ ಮಾತಿನ ಧಾಟಿಯೇ ಹಾಗೆ ಎಂದು ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಒಂದು ವಾರ ಕಳೆಯುವಷ್ಟರಲ್ಲಿ ನನಗೆ ಮಾತಾಡುವುದೇ ಬೇಡವಾಗಿತ್ತು, ಆದರೂ ಬಾಯಿ ತನ್ನಷ್ಟಕ್ಕೇ ಹೇಳುತ್ತಿತ್ತು.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ, ತಂಗಿ ಪಾತ್ರೆ ಒರೆಸುತ್ತ ಕೇಳಿದಳು.

"ಅಣ್ಣ, ಆಯಿ ಹಂಗೆ ಯಾವಾಗ ಹೇಳ್ತು?"

"ಮತ್ತೆಂತ ಹೇಳ್ತು?"

"ನೀರು ಕೇಳ್ತು. ಆಮೇಲೆ ನಿನ್ನ ಸಣ್ಣಿರುವಾಗಿನ ಹೆಸರು ಹಿಡಿದು ಕರೀತು. ನೀನು 'ಇಲ್ಲೇ ಇದ್ದೆ ಆಯಿ' ಅಂದೆ. ಅಷ್ಟೇಯ."

ಅವಳು ಸುಳ್ಳು ಹೇಳುವವಳಲ್ಲ. ಆಯಿಯ ಕೈ ನನ್ನ ಕೈಯಲ್ಲಿದ್ದದ್ದು ನನಗೂ ನೆನಪಿದೆ. ಆಯಿ ಕರೆದದ್ದು ಮಾತ್ರ ಎಷ್ಟು ನೆನೆದರೂ ಬರುತ್ತಿಲ್ಲ. ಕಿವಿಯಲ್ಲಿ ಉಳಿದಿರುವುದು ನಾನು ಕಟ್ಟಿದ ಮಾತು, ಜನರ ನಗು.